ಪಕ್ಕದವರ ದನಿ ಕೇಳಿಸುವಷ್ಟು ಮೆಲ್ಲಗೆ

(ಸಮೂಹ ಗಾಯನ ತಂಡ ನಡೆಸುವವರ ಒಂದು ಸಣ್ಣ ಕೂಟದಲ್ಲಿ, ಮೈಸೂರಿನಲ್ಲಿ ಆಡಿದ ಮಾತುಗಳ ಬರಹ ರೂಪ.)

ಮೊದಲಿಗೆ ಒಂದು ಕೋರಿಕೆ. ಆ ಎರಡು ಫ್ಯಾನ್ ಆಫ್ ಮಾಡಿಬಿಡ್ತೀರಾ? ಸೆಕೆ ಆಗುತ್ತದೆ, ಗೊತ್ತು. ಸ್ವಲ್ಪ ಹೊತ್ತು ಸಹಿಸಿಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೈಕ್ ಕೂಡ ಬೇಡ. ನಲವತ್ತು ಜನ ಇದ್ದೀರಿ, ಕೇಳಿಸುತ್ತದೆ. ಹಿಂದಿನ ಸಾಲಿನವರು ಮುಂದೆ ಬನ್ನಿ. ನಮ್ಮ ಜನಕ್ಕೆ ಮುಂದಿನ ಸಾಲು ಅಂದರೆ ಅದೇನು ಭಯವೋ!

ಆಮಂತ್ರಣದಲ್ಲಿ ‘ಗಾಯಕರ ಸ್ವಾಸ್ಥ್ಯ ಮತ್ತು ಮೈಂಡ್‌ಫುಲ್‌ನೆಸ್’ ಅಂತ ಹಾಕಿದ್ದಾರೆ. ಇದಕ್ಕೆ ಕನ್ನಡದಲ್ಲಿ ಏನು ಹೇಳೋಣ ಅಂತ ಬಸ್ಸಿನಲ್ಲಿ ಬರುವಾಗ ಯೋಚಿಸುತ್ತಿದ್ದೆ. ಸಾವಧಾನ ಅನ್ನಬಹುದು. ಆದರೆ ಅದು ಮದುವೆ ಮಂಟಪದಲ್ಲಿ ಪುರೋಹಿತರು ಕೂಗುವ ಮಾತು. ಕೇಳಿದ ಕೂಡಲೇ ಎಲ್ಲರೂ ಅಕ್ಷತೆ ಎಸೆಯಲು ರೆಡಿ. ನಿಗಾ ಅಂತ ಇನ್ನೊಂದಿದೆ. ‘ಒಲೆ ಮೇಲೆ ಹಾಲಿದೆ, ಸ್ವಲ್ಪ ನಿಗಾ ಇಡು’ ಅಂತೀವಲ್ಲ, ಆ ನಿಗಾ. ನನಗೆ ಇದೇ ಸರಿ ಅನ್ನಿಸಿತು. ಈಗೀಗ ಅದು ಆಸ್ಪತ್ರೆ ಬೋರ್ಡಿನಲ್ಲೇ ಜಾಸ್ತಿ ಕಾಣುತ್ತದೆ, ತೀವ್ರ ನಿಗಾ ಘಟಕ ಅಂತ. ನಾನು ಹೇಳುವುದು ಅಲ್ಲಿಗೆ ಹೋಗುವ ಮುಂಚಿನ ನಿಗಾ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಎಂಬವರು ಬೌದ್ಧ ಧ್ಯಾನದ ಕೆಲವು ಪದ್ಧತಿಗಳನ್ನು ಆಸ್ಪತ್ರೆಯ ರೋಗಿಗಳಿಗೆ ಕಲಿಸಲು ಶುರು ಮಾಡಿದರು. ಈಗ ಮೈಂಡ್‌ಫುಲ್‌ನೆಸ್ ಹೆಸರಿನಲ್ಲಿ ಆ್ಯಪ್, ಚಾಪೆ, ಮೇಣದ ಬತ್ತಿ ಎಲ್ಲ ಮಾರುತ್ತಾರೆ. ಅದರ ಬಗ್ಗೆ ಮಾತಾಡುವ ಅರ್ಹತೆ ನನಗಿಲ್ಲ. ನನಗೆ ಗೊತ್ತಿರುವುದು ಹಾಡಿಸುವುದು. ಹಾಡಿಸುವಾಗ ನಾನು ಯಾವುದರ ಮೇಲೆ ನಿಗಾ ಇಟ್ಟಿರಲಿಲ್ಲ, ಅದನ್ನು ಹೇಳಿಬಿಡುತ್ತೇನೆ.

ನಾನು ಬೆಳೆದದ್ದು ಮಂಗಳೂರಿನಲ್ಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಬಂದಿಳಿದ ಊರು. ಹಂಚು, ನೇಯ್ಗೆ, ಅಚ್ಚುಕೂಟದ ಜೊತೆಗೆ ಚರ್ಚಿನಲ್ಲಿ ನಾಲ್ಕು ದನಿಯಲ್ಲಿ ಹಾಡುವ ಅಭ್ಯಾಸವೂ ಅಲ್ಲಿ ಬೇರೂರಿತು. ನಾನು ಕ್ವಾಯರಿನಲ್ಲಿ ಆಲ್ಟೊ, ಅಂದರೆ ಹೆಂಗಸರಲ್ಲಿ ಕೆಳಗಿನ ದನಿ. ಆಲ್ಟೊದವರ ಟ್ಯೂನನ್ನು ಯಾರೂ ಮನೆಗೆ ಹೋಗಿ ಗುನುಗುವುದಿಲ್ಲ. ಅದು ನಡುವೆ ಎಲ್ಲೋ ಇರುತ್ತದೆ, ಇಡ್ಲಿ ಹಿಟ್ಟಿನಲ್ಲಿ ಮೆಂತ್ಯ ಇದ್ದ ಹಾಗೆ. ಪಕ್ಕದವರನ್ನು ಕೇಳಿಸಿಕೊಳ್ಳದೆ ಹಾಡಿದರೆ ಎರಡೇ ಸಾಲಿಗೆ ಮೇಲಿನ ದನಿಯಾದ ಸೊಪ್ರಾನೊ ಕಡೆ ಜಾರಿಬಿಡುತ್ತೀವಿ. ಹಾಗಾಗಿ ಬಾಯಿಗಿಂತ ಮೊದಲು ಕಿವಿ ತೆರೆಯುವುದು ಅಲ್ಲಿ ತಾನಾಗೇ ಬಂತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಭಾವಗೀತೆ, ದೇವರನಾಮ, ನಾಡಗೀತೆ. ಎಲ್ಲರೂ ಒಂದೇ ಟ್ಯೂನ್ ಹಾಡುವ ತಂಡ ಕಟ್ಟಿದೆ. ಆಲ್ಟೊ ಕಲಿಸಿದ್ದನ್ನು ಪೂರ್ತಿ ಮರೆತೆ.

ನವೆಂಬರ್ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ರಾಜ್ಯೋತ್ಸವ ಹೆಸರಿಗೆ ಒಂದು ದಿನ, ನಮ್ಮಂಥವರಿಗೆ ಮೂವತ್ತು ದಿನ. ಬಡಾವಣೆ, ಬ್ಯಾಂಕು, ಆಟೋ ನಿಲ್ದಾಣ, ಅಪಾರ್ಟ್‌ಮೆಂಟು. 2022ರ ಅಕ್ಟೋಬರ್ 28ರಂದು ಕೋಟಿ ಕಂಠ ಗಾಯನ ನಡೆಯಿತಲ್ಲ, ನಾವೂ ಹಾಡಿದೆವು. ಅಲ್ಲಿಂದ ಶುರು. ಮೂರು ವಾರದಲ್ಲಿ 11 ಕಾರ್ಯಕ್ರಮ. ಎಲ್ಲ ಕಡೆ ನಾನೇ ಹಾರ್ಮೋನಿಯಂ, ನಾನೇ ಮುಂದಾಳು, ನನ್ನ ದನಿಯೇ ಎಲ್ಲರಿಗಿಂತ ಜೋರು. ಒಂದು ಬೆಳಿಗ್ಗೆ ಎದ್ದು ‘ಕಾಫಿ ಆಯ್ತಾ’ ಅಂತ ಕೇಳಲು ಹೋದರೆ ಬರೀ ಗಾಳಿ ಬಂತು.

ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ನೀವು ನೋಡಿದ್ದೀರೋ ಇಲ್ಲವೋ, ಧ್ವನಿ ತಂತು ಅಂದರೆ ತಂತಿಯ ಥರ ಏನೂ ಇರುವುದಿಲ್ಲ. ಎರಡು ಬಿಳಿ ಮಡಿಕೆ, ಮುತ್ತಿನ ಹೊಳಪು. ಗಂಡಸರಲ್ಲಿ ಸುಮಾರು ಎರಡು ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಇನ್ನೂ ಕಮ್ಮಿ. ನನ್ನವುಗಳ ನಡುವೆ, ಎದುರುಬದುರಾಗಿ, ಸಾಬೂದಾನಿಯಂಥ ಎರಡು ಗಂಟು. ಕೈ ದಪ್ಪವಾಗಿ ಜಡ್ಡು ಕಟ್ಟುತ್ತದಲ್ಲ, ಹಾಗೆ.

‘ಟೀಚರಾ?’ ಅಂದರು. ಹಾಡಿಸ್ತೀನಿ ಅಂತ ಚೀಟಿಯಲ್ಲಿ ಬರೆದೆ. ‘ಹಾಡಿಸ್ತೀರೋ, ಅವರ ಬದಲು ನೀವೇ ಹಾಡ್ತೀರೋ?’ ಅಂತ ಕೇಳಿದರು. ಕೋಪ ಬಂತು. ಉತ್ತರ ಬರೆಯಲಿಲ್ಲ.

ಆಪರೇಷನ್ ಬೇಕಾಗಲಿಲ್ಲ. ಇಂಥ ಗಂಟು ಬಹುಪಾಲು ಧ್ವನಿ ಚಿಕಿತ್ಸೆಯಲ್ಲೇ ಕರಗುತ್ತವೆ. ಮೂರು ವಾರ ಹಾಡುವ ಹಾಗಿಲ್ಲ, ಪಿಸುಗುಟ್ಟುವ ಹಾಗೂ ಇಲ್ಲ. ದನಿ ಕೆಟ್ಟಾಗ ಪಿಸುಮಾತು ಆಡಿದರೆ ಗಂಟಲಿಗೆ ವಿಶ್ರಾಂತಿ ಅಂತ ತುಂಬಾ ಜನ ನಂಬಿದ್ದಾರೆ. ಒತ್ತಿ ಪಿಸುಗುಟ್ಟಿದರೆ ಅದೂ ತ್ರಾಸವೇ. ಸುಮ್ಮನಿರುವುದೊಂದೇ ವಿಶ್ರಾಂತಿ.

ಆದರೆ ಅಭ್ಯಾಸ ನಿಲ್ಲಿಸುವ ಹಾಗಿರಲಿಲ್ಲ. ಒಪ್ಪಿಕೊಂಡ ಕಾರ್ಯಕ್ರಮ ಇನ್ನೂ ಇದ್ದವು. ಹಾರ್ಮೋನಿಯಂ ಬೇರೆಯವರಿಗೆ ಕೊಟ್ಟು, ತಂಡದ ಮುಂದೆ ಸುಮ್ನೆ ನಿಂತು ಕೈ ಆಡಿಸಿದೆ. ಹಾಡು ಶುರುವಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ತಂಡ ಹಾಡುವುದನ್ನು ಕೇಳಿದೆ.

ಏನು ಕೇಳಿಸಿತು ಹೇಳಲಾ? ಪಲ್ಲವಿ ಚೆನ್ನಾಗಿತ್ತು. ಚರಣದಲ್ಲಿ ಟ್ಯೂನ್ ಮೇಲೆ ಹೋದ ಕಡೆ ದನಿಗಳು ತೆಳ್ಳಗಾದವು. ಎರಡನೇ ಸಾಲಿನ ಇಬ್ಬರು ಹೆಂಗಸರು ಬಾಯಿ ಆಡಿಸುತ್ತಿದ್ದರು, ಸ್ವರವೇ ಇಲ್ಲ. ಮುಗಿದ ಮೇಲೆ ಚೀಟಿಯಲ್ಲಿ ಕೇಳಿದೆ. ಒಬ್ಬರು ಸಂಕೋಚದಿಂದ ಹೇಳಿದರು, ‘ಅಲ್ಲಿ ನಂಗೆ ಗಂಟಲು ಎಳೆಯುತ್ತೆ ಮೇಡಂ. ಒಂದು ವರ್ಷದಿಂದ ಅಲ್ಲಿ ಹಾಡ್ತಾನೇ ಇಲ್ಲ.’ ಒಂದು ವರ್ಷ! ನನ್ನ ಜೋರು ದನಿ ಅದನ್ನು ಮುಚ್ಚಿಟ್ಟಿತ್ತು.

ಈಗ ಫ್ಯಾನಿನ ವಿಷಯ. 1911ರಲ್ಲಿ ಎಟಿಯೆನ್ ಲೊಂಬಾರ್ ಎಂಬ ಫ್ರೆಂಚ್ ಕಿವಿ ಡಾಕ್ಟರು ಒಂದು ಸಂಗತಿ ಪ್ರಕಟಿಸಿದರು. ಮಾತಾಡುತ್ತಿರುವ ಮನುಷ್ಯನ ಕಿವಿಗೆ ಗದ್ದಲ ಬಿಟ್ಟರೆ ಅವನು ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಗದ್ದಲ ನಿಲ್ಲಿಸಿದರೆ ದನಿ ಇಳಿಯುತ್ತದೆ. ನೀವು ಸಂತೆಯಲ್ಲಿ, ಮದುವೆ ಊಟದ ಹಾಲ್‌ನಲ್ಲಿ ಮಾಡುವುದು ಇದೇ. ಅದಕ್ಕೇ ಮದುವೆಗೆ ಹೋಗಿ ಬಂದ ಮರುದಿನ ಹಾಡದಿದ್ದರೂ ಗಂಟಲು ಕೂತಿರುತ್ತದೆ.

ಸಮೂಹ ಗಾಯನದಲ್ಲಿ ಗದ್ದಲ ಯಾವುದು ಅಂದರೆ ಪಕ್ಕದವರೇ. ಅವರು ಜೋರಾದರೆ ನನಗೆ ನನ್ನ ದನಿ ಕೇಳಿಸುವುದಿಲ್ಲ, ನಾನು ಏರಿಸುತ್ತೇನೆ. ಆಗ ಅವರಿಗೆ ಅವರದು ಕೇಳಿಸುವುದಿಲ್ಲ. ಹೀಗೆ ಏರುತ್ತಾ ಏರುತ್ತಾ ಕೊನೆಯ ಚರಣದ ಹೊತ್ತಿಗೆ ಎಲ್ಲರೂ ಕೂಗುತ್ತಿರುತ್ತಾರೆ, ಯಾರಿಗೂ ಯಾರೂ ಕೇಳಿಸುತ್ತಿಲ್ಲ. ಸ್ವೀಡನ್ನಿನಲ್ಲಿ ಸ್ಟೆನ್ ಟೆರ್ನ್‌ಸ್ಟ್ರಮ್ ಎಂಬ ಧ್ವನಿ ವಿಜ್ಞಾನಿ ಕ್ವಾಯರುಗಳಲ್ಲಿ ಇದನ್ನೇ ಅಳೆಯುತ್ತಾ ಹೋದರು: ತನ್ನ ದನಿ ಎಷ್ಟು ಕೇಳಿಸಬೇಕು, ಉಳಿದವರದು ಎಷ್ಟು ಅಂತ. ಸಾಲು ಸ್ವಲ್ಪ ಬಿಡಿಬಿಡಿಯಾಗಿ ನಿಂತರೆ ತನ್ನ ದನಿ ತನಗೆ ಸಿಗುತ್ತದೆ. ನಮ್ಮಲ್ಲಿ ಫೋಟೋಗೆ ಚೆನ್ನಾಗಿ ಬರಲಿ ಅಂತ ಭುಜಕ್ಕೆ ಭುಜ ಒತ್ತಿ ನಿಲ್ಲಿಸುತ್ತೀವಿ.

ನನ್ನ ತಂಡದಲ್ಲಿ ಈಗ ಒಂದೇ ನಿಯಮ. ಎರಡೂ ಪಕ್ಕದವರ ದನಿ ಕೇಳಿಸುವಷ್ಟು ಮೆಲ್ಲಗೆ ಹಾಡಿ. ಕೇಳಿಸುತ್ತಿಲ್ಲವಾ, ನೀವು ಜೋರಾಗಿದ್ದೀರಿ. ಫ್ಯಾನ್ ಆಫ್. ರೆಕಾರ್ಡ್ ಮಾಡಿದ ವಾದ್ಯದ ಟ್ರ್ಯಾಕ್ ಹಾಕಿದರೆ ಅದರ ವಾಲ್ಯೂಮ್ ಅರ್ಧ. ಮೊದಲ ವಾರ ಎಲ್ಲರಿಗೂ ‘ಏನೋ ಸಪ್ಪೆ’ ಅನ್ನಿಸಿತು. ಎರಡನೇ ತಿಂಗಳಿಗೆ ಒಂದೂವರೆ ಗಂಟೆ ಹಾಡಿದರೂ ಯಾರೂ ಕೆಮ್ಮುತ್ತಾ ಮನೆಗೆ ಹೋಗುತ್ತಿರಲಿಲ್ಲ.

ಆ ಇಬ್ಬರು ಹೆಂಗಸರ ಕಡೆ ವಾಪಸ್ ಬರುತ್ತೇನೆ. ಅವರ ತಪ್ಪೇನೂ ಇರಲಿಲ್ಲ. ನಾನು ಹಿಡಿದ ಶ್ರುತಿ, ಅಂದರೆ ಹಾಡಿನ ಆಧಾರ ಸ್ವರ, ಅವರಿಗೆ ತಪ್ಪಾಗಿತ್ತು. ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸಿ ಶ್ರುತಿ ಹೇಳುತ್ತೀವಲ್ಲ, ಗಂಡಸರಿಗೆ ಸಾಮಾನ್ಯವಾಗಿ ಒಂದು ಮನೆಯ ಆಸುಪಾಸು ಹಿತ, ಹೆಂಗಸರಿಗೆ ಐದು ಮನೆಯ ಆಸುಪಾಸು. ಸಿನಿಮಾ ಹಾಡಿನ, ಭಾವಗೀತೆಯ ಟ್ರ್ಯಾಕ್ ಎಷ್ಟೋ ಸಲ ಗಂಡು ದನಿಗೆ ಮಾಡಿದ್ದು. ನಾವು ಅದನ್ನು ಹಾಗೇ ಹಾಕಿ ಹೆಂಗಸರನ್ನು ಹಾಡಿಸುತ್ತೀವಿ. ಲೆಕ್ಕ ನೋಡಿ. ಐದು ಮನೆ ಶ್ರುತಿಯಲ್ಲಿ ಒಬ್ಬ ಹೆಂಗಸು ಮೇಲಿನ ಷಡ್ಜ, ಅಂದರೆ ಮೇಲಿನ ‘ಸ’, ಹಿಡಿದರೆ ಆಕೆಯ ಧ್ವನಿ ತಂತುಗಳು ಸೆಕೆಂಡಿಗೆ ಸುಮಾರು 392 ಸಲ ಬಂದು ಬಡಿಯುತ್ತವೆ. ಒಂದು ಮನೆಯಲ್ಲಿ ಅದೇ ಮೇಲಿನ ಷಡ್ಜ ಅಂದರೆ 523 ಸಲ. ಇನ್ನು ಅದರ ಮೇಲಿನ ಗಾಂಧಾರಕ್ಕೆ ಹೋಗುವ ಹಾಡಾದರೆ ಕೇಳುವುದೇ ಬೇಡ. ಬಡಿತ ಜಾಸ್ತಿ ಆದದ್ದಷ್ಟೇ ಆದರೆ ತಡೆಯಬಹುದು. ಎಟುಕದ ಸ್ವರಕ್ಕೆ ಕತ್ತು ಚಾಚಿ ಒತ್ತುತ್ತೀವಲ್ಲ, ಆ ಒತ್ತಡ ಕೆಡಿಸುತ್ತದೆ.

ಗಂಡಸರು ಹೆಂಗಸರು ಸೇರಿ ಹಾಡುವಾಗ ನಡುವೆ ಎರಡೂವರೆ, ಮೂರು ಮನೆ ಅಂತ ಹಿಡಿಯುವವರಿದ್ದಾರೆ. ಅದು ಇಬ್ಬರಿಗೂ ಇರುಸುಮುರುಸು. ನಾನೀಗ ಸಾಲು ಹಂಚುತ್ತೇನೆ. ಮೇಲೆ ಹೋಗುವ ಸಾಲು ಯಾರಿಗೆ ಹಿತವೋ ಅವರಿಗೆ, ಕೆಳಗಿನದು ಉಳಿದವರಿಗೆ, ಪಲ್ಲವಿ ಎಲ್ಲರಿಗೂ. ನಮ್ಮ ಜನಪದದಲ್ಲಿ ಇದು ಮೊದಲಿಂದ ಇದೆ, ಅಲ್ವಾ? ಸೋಬಾನೆ ಹಾಡುವ ಹೆಂಗಸರನ್ನು ನೋಡಿ. ಇಬ್ಬರು ಹೇಳುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಹೇಳುವವರು ಉಸಿರು ತಗೊಳ್ಳಲಿ ಅಂತಲೇ ಉಳಿದವರ ಸರದಿ. ರಾತ್ರಿಯಿಡೀ ಹಾಡಿ ಬೆಳಿಗ್ಗೆ ಮತ್ತೆ ಹಾಡುತ್ತಾರೆ. ನಾವು ವೇದಿಕೆಗೆ ಬಂದು ಎಲ್ಲರೂ ಎಲ್ಲವನ್ನೂ ಹಾಡುವ ಹಟ ಹಿಡಿದೆವು.

ಇನ್ನು ಮುಂದೆ ನಿಲ್ಲುವವರ ಮೈ. 1687ರಲ್ಲಿ ಪ್ಯಾರಿಸಿನಲ್ಲಿ ಜ್ಯಾನ್-ಬಾಪ್ಟಿಸ್ಟ್ ಲುಲ್ಲಿ ಎಂಬ ದೊಡ್ಡ ಸಂಗೀತಗಾರ, ರಾಜ ಹುಷಾರಾದ ಸಂತೋಷಕ್ಕೆ ಒಂದು ಸ್ತುತಿಗೀತೆ ನಡೆಸುತ್ತಿದ್ದ. ಆಗೆಲ್ಲ ಉದ್ದ ಕೋಲಿನಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದರು. ಕೋಲು ಅವನ ಕಾಲ್ಬೆರಳಿಗೇ ಬಿತ್ತು. ಗಾಯ ಕೊಳೆಯಿತು. ಕಾಲು ತೆಗೆಯಲು ಒಪ್ಪಲಿಲ್ಲ. ಎರಡೂವರೆ ತಿಂಗಳಲ್ಲಿ ತೀರಿಕೊಂಡ. ಹಾಡಿಸುವ ಕೆಲಸ ಅಪಾಯದ್ದು ಅಂತ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಇಲ್ಲ. ನಮ್ಮದು ಕತ್ತು, ಭುಜ, ಸೊಂಟದಲ್ಲಿ ಮುಗಿಯುತ್ತದೆ. ನೆಲದ ಮೇಲೆ ಕೂತು, ಎಡಗೈಯಲ್ಲಿ ಹಾರ್ಮೋನಿಯಂ ತಿದಿ ಒತ್ತುತ್ತಾ, ಮೈ ಒಂದು ಕಡೆ ತಿರುಚಿ, ಮುಖ ಇನ್ನೊಂದು ಕಡೆ ತಿರುಗಿಸಿ ಎರಡು ಗಂಟೆ ಹಾಡಿಸುವವರು ಇಲ್ಲಿ ಎಷ್ಟು ಜನ? ಕೈ ಎತ್ತಿ. ಎತ್ತುವಾಗ ಭುಜ ನೋವಾಯಿತಾ?

ನಗು ಬೇಡ, ಇದರಲ್ಲಿ ಒಂದು ವಿಷಯವಿದೆ. ನಿಮ್ಮ ಮೈ ಹೇಗಿದೆಯೋ ತಂಡ ಹಾಗೇ ಹಾಡುತ್ತದೆ. ನೀವು ಭುಜ ಏರಿಸಿ ಉಸಿರೆಳೆದುಕೊಂಡರೆ ಇಪ್ಪತ್ತು ಭುಜ ಏರುತ್ತವೆ. ಗದ್ದ ಮುಂದೆ ಚಾಚಿದರೆ ಇಪ್ಪತ್ತು ಗದ್ದ. ನಂಬಿಕೆ ಬರದಿದ್ದರೆ ಮೊಬೈಲ್ ಎದುರಿಗಿಟ್ಟು ಒಂದು ಹಾಡು ರೆಕಾರ್ಡ್ ಮಾಡಿ, ದನಿ ಮ್ಯೂಟ್ ಮಾಡಿ ನೋಡಿ. ನಾನು ನೋಡಿದೆ. ಮೇಲಿನ ಸ್ವರ ಬಂದಾಗಲೆಲ್ಲ ನಾನು ಹುಬ್ಬು ಗಂಟು ಹಾಕಿ, ಹೆದರಿದವಳ ಹಾಗೆ ಮುಖ ಮಾಡುತ್ತಿದ್ದೆ. ತಂಡಕ್ಕೆ ಅದು ‘ಈಗ ಕಷ್ಟ ಬಂತು’ ಅನ್ನುವ ಸನ್ನೆ.

ಕನ್ನಡಿ ಹಿಡಿದು ಇದನ್ನೇ ಕಂಡುಕೊಂಡ ಮನುಷ್ಯನೊಬ್ಬನಿದ್ದ. 1869ರಲ್ಲಿ ಟಾಸ್ಮೇನಿಯಾದಲ್ಲಿ ಹುಟ್ಟಿದ ಎಫ್. ಎಂ. ಅಲೆಕ್ಸಾಂಡರ್. ವೇದಿಕೆಯ ಮೇಲೆ ಕವಿತೆ, ನಾಟಕದ ಭಾಗಗಳನ್ನು ಹೇಳುತ್ತಿದ್ದ. ಹೇಳುವಾಗ ದನಿ ಕೈಕೊಡುತ್ತಿತ್ತು. ಡಾಕ್ಟರು ವಿಶ್ರಾಂತಿ ಅಂದರು, ಸರಿಹೋಯಿತು, ವೇದಿಕೆ ಹತ್ತಿದ ಕೂಡಲೇ ಮತ್ತೆ ಹೋಯಿತು. ಹಾಗಾದರೆ ವೇದಿಕೆಯಲ್ಲಿ ನಾನು ಏನೋ ಮಾಡುತ್ತಿದ್ದೇನೆ ಅಂತ ಕನ್ನಡಿಗಳ ಮುಂದೆ ನಿಂತು ನೋಡಿದ. ಬಾಯಿ ತೆರೆಯುವ ಮುಂಚೆಯೇ ತಲೆ ಹಿಂದಕ್ಕೆ ಎಳೆದು ಕತ್ತು ಬಿಗಿ ಮಾಡಿಕೊಳ್ಳುತ್ತಿದ್ದ. ಅದನ್ನು ಬಿಡುವುದು ಕಲಿಯಲು ಅವನಿಗೆ ವರ್ಷಗಳೇ ಹಿಡಿದವು. ಆಮೇಲೆ ಅದನ್ನೇ ಬೇರೆಯವರಿಗೆ ಕಲಿಸಿದ. ಈಗ ಎಷ್ಟೋ ಸಂಗೀತ ಶಾಲೆಗಳಲ್ಲಿ ಅವನ ಹೆಸರಿನ ಪಾಠವಿದೆ.

ಉಸಿರಿನ ಬಗ್ಗೆ ಎರಡು ಪ್ರಯೋಗ ಹೇಳುತ್ತೇನೆ. ಸುಮ್ನೆ ‘ಹಾಡಿದರೆ ಮನಸ್ಸಿಗೆ ನೆಮ್ಮದಿ’ ಅನ್ನುವುದಕ್ಕಿಂತ ಇದು ಸ್ವಲ್ಪ ಗಟ್ಟಿ. 2001ರಲ್ಲಿ ಇಟಲಿಯ ಲುಚಾನೊ ಬರ್ನಾರ್ಡಿ ಮತ್ತು ಜೊತೆಗಾರರು 23 ಜನರಿಂದ ಲ್ಯಾಟಿನ್ ಜಪಮಾಲೆ ಪ್ರಾರ್ಥನೆ ಹೇಳಿಸಿದರು, ‘ಓಂ ಮಣಿ ಪದ್ಮೇ ಹುಂ’ ಕೂಡ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಆ ಲಯದಲ್ಲಿ ಹೃದಯ, ರಕ್ತದೊತ್ತಡ ಒಂದಕ್ಕೊಂದು ಹೊಂದಿಕೊಳ್ಳುವುದು ಕಾಣಿಸಿತು. ಇನ್ನೊಂದು 2013ರದ್ದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬ್ಯೋರ್ನ್ ವಿಕ್‌ಹೋಫ್ ಅವರ ತಂಡ ಹದಿನೆಂಟರ ವಯಸ್ಸಿನ 15 ಜನರನ್ನು ಒಟ್ಟಿಗೆ ಹಾಡಿಸಿ ನಾಡಿ ನೋಡಿತು. ಒಳಗೆ ಉಸಿರೆಳೆದಾಗ ಹೃದಯ ಸ್ವಲ್ಪ ವೇಗವಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಹಾಡಿನ ಸಾಲು ಎಲ್ಲರಿಗೂ ಒಂದೇ ಕಡೆ ಉಸಿರು ಕೊಡುತ್ತದೆ. ಹಾಗಾಗಿ ಹೃದಯಗಳೂ ಒಟ್ಟಿಗೆ ಏರಿ ಇಳಿದವು.

ಇದನ್ನು ಕೇಳಿ ಯಾರೂ ಬಿಪಿ ಮಾತ್ರೆ ಬಿಡಬೇಡಿ. ಸಣ್ಣ ಪ್ರಯೋಗಗಳು. ಆದರೆ ಹಾಡಿಸುವವರಿಗೆ ಇದರಲ್ಲಿ ಕೆಲಸಕ್ಕೆ ಬರುವ ವಿಷಯವಿದೆ. ನೀವು ಉಸಿರು ಎಲ್ಲಿ ಗುರುತು ಹಾಕುತ್ತೀರೋ ಅಲ್ಲಿ ಇಪ್ಪತ್ತು ಜನರ ಎದೆ ನಿಮ್ಮ ಕೈಯಲ್ಲಿರುತ್ತದೆ. ನಾಡಗೀತೆಗೆ ಸರ್ಕಾರ 2 ನಿಮಿಷ 30 ಸೆಕೆಂಡ್ ಅಂತ ಅವಧಿ ಗೊತ್ತು ಮಾಡಿದೆ, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ. ಗಡಿಬಿಡಿಯಲ್ಲಿ ಹಾಡಿಸುವವರು ಮೊದಲು ಕದಿಯುವುದು ಉಸಿರಿನ ಜಾಗವನ್ನೇ. ಸಾಲಿನ ಕೊನೆಯ ಅಕ್ಷರ ಅರ್ಧ ನುಂಗಿ ಮುಂದಿನದಕ್ಕೆ ಹಾರುತ್ತಾರೆ. ಎರಡು ಸಾಲು ಹೀಗಾದರೆ ಮೂರನೆಯದಕ್ಕೆ ಎಲ್ಲರೂ ಏದುಸಿರು.

ನಮ್ಮ ಅಭ್ಯಾಸ ಈಗ ಒಂದು ನಿಮಿಷ ತಂಬೂರಿಯಿಂದ ಶುರು. ಮೊಬೈಲಿನ ತಂಬೂರಿಯೇ. ಯಾರೂ ಹಾಡುವುದಿಲ್ಲ, ಬರೀ ಕೇಳುವುದು. ಕಣ್ಣು ಮುಚ್ಚಲೇಬೇಕು ಅಂತ ಹೇಳುವುದಿಲ್ಲ. ಕೆಲವರಿಗೆ ಕಣ್ಣು ಮುಚ್ಚಿದರೆ ಮನೆಯ ಗಲಾಟೆಯೆಲ್ಲ ಒಟ್ಟಿಗೆ ನೆನಪಾಗಿ ಎದೆ ಡವಗುಟ್ಟುತ್ತದೆ. ಅವರು ಕಿಟಕಿ ನೋಡಲಿ. ಆಮೇಲೆ ಬಾಯಿ ಮುಚ್ಚಿ ಮೆಲ್ಲಗೆ ಗುನುಗು. ಆಮೇಲೆ ಸ್ಟ್ರಾ. ಎಳನೀರು ಕುಡಿಯುವ ಸ್ಟ್ರಾ ಇದೆಯಲ್ಲ, ಅದನ್ನು ತುಟಿಯಲ್ಲಿಟ್ಟು ಅದರೊಳಗೇ ‘ಊ’ ಅಂತ ಸ್ವರ ಬಿಟ್ಟು ಮೇಲೆ ಕೆಳಗೆ ಜಾರಿಸುವುದು. ಅಮೆರಿಕದ ಧ್ವನಿ ವಿಜ್ಞಾನಿ ಇಂಗೋ ಟಿಟ್ಸೆ ಇದನ್ನು ಚೆನ್ನಾಗಿ ವಿವರಿಸಿ ಹೆಸರು ಮಾಡಿದರು. ಮುಂದೆ ದಾರಿ ಇಕ್ಕಟ್ಟಾದಾಗ ಗಾಳಿ ಹಿಂದಕ್ಕೆ ಒತ್ತುತ್ತದೆ. ಆ ಒತ್ತಡ ತಂತುಗಳನ್ನು ಸ್ವಲ್ಪ ಬಿಡಿಸಿ ಹಿಡಿಯುತ್ತದೆ, ಅವು ಗುದ್ದಾಡದೆ ಅದುರುತ್ತವೆ. ಐದು ನಿಮಿಷ ಸಾಕು. ನನ್ನ ಧ್ವನಿ ಚಿಕಿತ್ಸೆಯಲ್ಲೂ ಇದೇ ಮುಖ್ಯವಾಗಿತ್ತು. ಮನೆಯಲ್ಲಿ ‘ಎಮ್ಮೆ ಬಂತು’ ಅಂತ ನಗುತ್ತಿದ್ದರು.

ಕಷಾಯದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಕಲ್ಲುಸಕ್ಕರೆ, ಮೆಣಸು, ಜ್ಯೇಷ್ಠಮಧು, ಎಲ್ಲ ಹಿತವೇ. ಆದರೆ ನುಂಗಿದ್ದು ಯಾವುದೂ ಧ್ವನಿ ತಂತುವನ್ನು ಮುಟ್ಟುವುದಿಲ್ಲ. ಮುಟ್ಟಿದರೆ ನೆತ್ತಿಗೆ ಹತ್ತುತ್ತದೆ. ನೀರು ಕೂಡ ಮೈಯೊಳಗೆ ಸುತ್ತಿ ಬರಬೇಕು. ವೇದಿಕೆ ಹತ್ತುವಾಗ ಗಟಗಟ ಕುಡಿದರೆ ಬಾಯಿ ಒದ್ದೆಯಾಗುತ್ತದೆ, ಅಷ್ಟೇ. ಬೆಳಿಗ್ಗೆಯಿಂದ ಕುಡಿಯುತ್ತಿರಿ. ಮರಗಟ್ಟಿಸುವ ಗಂಟಲು ಮಾತ್ರೆ ಚೀಪಿ ಹಾಡಬೇಡಿ, ನೋವು ಗೊತ್ತಾಗದೆ ಇನ್ನಷ್ಟು ಒತ್ತುತ್ತೀರಿ. ಕಾರ್ಯಕ್ರಮ ಮುಗಿದು ರಾತ್ರಿ ಹನ್ನೊಂದಕ್ಕೆ ಬಿಸಿಬೇಳೆಬಾತು, ಬೋಂಡ, ಹನ್ನೆರಡಕ್ಕೆ ಮಲಗುವುದು: ಇದು ನಮ್ಮ ಸಾಂಸ್ಕೃತಿಕ ಪರಂಪರೆ. ಹೊಟ್ಟೆಯ ಹುಳಿ ಮೇಲೆ ಬಂದು ಗಂಟಲು ಸುಟ್ಟರೆ ಬೆಳಿಗ್ಗೆ ಒರಟು ದನಿ ಗ್ಯಾರಂಟಿ. ಸಂಘಟಕರಿಗೆ ಹೇಳಿ, ಊಟ ಮೊದಲೇ ಸ್ವಲ್ಪ ಕೊಡಲಿ. ದನಿ ಒರಟಾಗಿದ್ದು ಮೂರು ವಾರ ದಾಟಿದರೆ ಮನೆಮದ್ದು ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

‘ಜ್ವರ ಇದ್ದರೂ ಬಂದಿದ್ದಾರೆ ನೋಡಿ’ ಅಂತ ಹೊಗಳುವುದನ್ನೂ ನಿಲ್ಲಿಸಬೇಕು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಕ್ಯಾಜಿಟ್ ವ್ಯಾಲಿಯ ಒಂದು ಕ್ವಾಯರ್ ಎರಡೂವರೆ ಗಂಟೆ ಅಭ್ಯಾಸ ಮಾಡಿತು. 61 ಜನ ಬಂದಿದ್ದರು, ಒಬ್ಬರಿಗೆ ನೆಗಡಿಯಂಥದ್ದು ಇತ್ತು. ಅಷ್ಟೂ ಜನರಲ್ಲಿ 53 ಮಂದಿಗೆ ಕೋವಿಡ್ ಬಂತು ಅಥವಾ ಬಂದಿರಬಹುದು ಅಂತ ಲೆಕ್ಕಕ್ಕೆ ಸಿಕ್ಕಿತು. ಇಬ್ಬರು ತೀರಿಕೊಂಡರು. ಒಟ್ಟಿಗೆ ಉಸಿರಾಡುವುದು ಅಂದರೆ ಇದೂ ಹೌದು.

ಕೊನೆಯದಾಗಿ ಹಾಡಿಸುವವರ ಮನಸ್ಸು. ಹಾಡಿನಿಂದ ನಾನು ಯಾವತ್ತೂ ಸುಸ್ತಾಗಲಿಲ್ಲ. ಸುಸ್ತಾದದ್ದು ಸೀರೆ ಬಣ್ಣದ ಚರ್ಚೆಯಿಂದ. ಒಂದು ಸಲ ರಾತ್ರಿ ಹನ್ನೊಂದೂವರೆಗೆ ವಾಟ್ಸ್‌ಆ್ಯಪ್‌ನಲ್ಲಿ ‘ಹಳದಿ ಅಂದರೆ ಯಾವ ಹಳದಿ’ ಅಂತ 64 ಮೆಸೇಜು. ಒಂಟಿ ಸಾಲು ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ ಅಂತ ಮುನಿಸು. ಈಗ ಎಂಟು ಗಂಟೆಯ ಮೇಲೆ ಗ್ರೂಪಿಗೆ ನಾನು ಉತ್ತರ ಕೊಡುವುದಿಲ್ಲ, ಸೀರೆಯ ವಿಷಯ ತಂಡದ ಇನ್ನೊಬ್ಬರ ಖಾತೆ. ನವೆಂಬರಿನಲ್ಲಿ ವಾರಕ್ಕೆ ಎರಡೇ ಕಾರ್ಯಕ್ರಮ. ‘ಆಗಲ್ಲ’ ಅಂದಾಗ ಮೊದಲ ವರ್ಷ ಇಬ್ಬರು ಸಂಘಟಕರು ಬೇಸರ ಮಾಡಿಕೊಂಡರು. ಅವರಲ್ಲಿ ಒಬ್ಬರು ಮುಂದಿನ ವರ್ಷ ಜುಲೈನಲ್ಲೇ ಫೋನ್ ಮಾಡಿ ದಿನ ಕೇಳಿದರು. ಇನ್ನೊಬ್ಬರು ಮಾಡಲಿಲ್ಲ. ಇರಲಿ.

ಪ್ರಶ್ನೆ ಇದ್ದರೆ ಕೇಳಿ.

(ಮೂರನೇ ಸಾಲಿನಿಂದ ಒಬ್ಬರು: ‘ನಾನು ಹಾಡದಿದ್ದರೆ ತಂಡ ನಡುವೆ ನಿಂತೇಬಿಡುತ್ತೆ. ಆಗ?’)

ನಿಲ್ಲಲಿ. ಎಲ್ಲಿ ನಿಲ್ಲುತ್ತದೆ ಅಂತ ಗುರುತು ಮಾಡಿಕೊಳ್ಳಿ. ಅಲ್ಲಿಂದ ಹಿಂದಿನ ಎರಡು ಸಾಲು ಅವರಿಗೆ ಸರಿಯಾಗಿ ಬರುವುದಿಲ್ಲ ಅಂತ ಅರ್ಥ. ಅಷ್ಟನ್ನೇ ಕಲಿಸಿ. ಅಭ್ಯಾಸದಲ್ಲಿ ನಿಂತರೆ ಯಾರೂ ನೋಡುವುದಿಲ್ಲ.

(ಇನ್ನೊಬ್ಬರು: ‘ಕಾರ್ಯಕ್ರಮ ನಾಳಿದ್ದೇ ಇದೆ. ಟ್ರ್ಯಾಕ್ ಒಂದು ಮನೆ ಶ್ರುತಿಯಲ್ಲಿದೆ. ತಂಡದಲ್ಲಿ 18 ಹೆಂಗಸರು, ಇಬ್ಬರು ಗಂಡಸರು. ಏನು ಮಾಡಲಿ?’)

ಇವತ್ತು ರಾತ್ರಿಯೇ ಮೊಬೈಲಿನಲ್ಲಿ ಟ್ರ್ಯಾಕಿನ ಶ್ರುತಿ ಇಳಿಸಿ. ಅದಕ್ಕೆ ಆ್ಯಪ್ ಇವೆ, ನಿಮ್ಮ ಮಕ್ಕಳಿಗೆ ಗೊತ್ತಿರುತ್ತದೆ. ಕರಿ ಬಿಳಿ ಎರಡೂ ಎಣಿಸಿ ಮೂರು ಮೆಟ್ಟಿಲು ಕೆಳಗೆ. ಒಂದು ಮನೆಯಿಂದ ಅದರ ಕೆಳಗಿನ ಆರು ಮನೆಗೆ ಬರುತ್ತದೆ, ಹದಿನೆಂಟು ಜನಕ್ಕೂ ಹಿತ. ಅದಕ್ಕಿಂತ ಕೆಳಗೆ ಇಳಿಸಿದರೆ ವಾದ್ಯದ ನಾದ ಕೆಡುತ್ತದೆ. ಆ ಇಬ್ಬರು ಗಂಡಸರಿಗೆ ಒಂದೊಂದು ಖಂಜರಿ ಕೊಡಿ, ಪಲ್ಲವಿಗೆ ಮಾತ್ರ ಸೇರಿಕೊಳ್ಳಲಿ. ಬೇಜಾರು ಮಾಡಿಕೊಂಡರೆ ನನ್ನ ಹೆಸರು ಹೇಳಿ.

ಸರಿ, ಫ್ಯಾನ್ ಹಾಕಿ. ಕಾಫಿ ಬಂದಿದೆ.